ಚಪ್ಪಲಿಯೊಳಗೆ ಕಾಲುಚೀಲ: ನಗುವ ಮುನ್ನ ಒಂದು ಕ್ಷಣ

ಶಾಲೆಯ ವಾರ್ಷಿಕೋತ್ಸವ. ಮೊಮ್ಮಗನ ನಾಟಕ ನೋಡಲು ತಾತ ಬಂದಿದ್ದಾರೆ. ಬಿಳಿ ಪಂಚೆ, ಇಸ್ತ್ರಿ ಮಾಡಿದ ಅಂಗಿ, ಹೆಗಲ ಮೇಲೊಂದು ಶಲ್ಯ. ಎಲ್ಲವೂ ಒಪ್ಪವಾಗಿಯೇ ಇದೆ. ಆದರೆ ಕಾಲಲ್ಲಿ ಹಿಂದೆ ಪಟ್ಟಿಯಿರುವ ಸ್ಯಾಂಡಲ್, ಅದರೊಳಗೆ ಬಿಳಿಯ ಕಾಲುಚೀಲ! ಎರಡನೆಯ ಸಾಲಿನಲ್ಲಿ ಕುಳಿತ ಹುಡುಗರು ಒಬ್ಬರನ್ನೊಬ್ಬರು ಮೊಣಕೈಯಿಂದ ತಿವಿದುಕೊಂಡು ಕಿಸಕ್ಕನೆ ನಗುತ್ತಾರೆ. ಮನೆಗೆ ಬಂದ ಮೇಲೆ ಮೊಮ್ಮಗನದು ಒಂದೇ ರಾಗ: "ತಾತ, ಇನ್ನು ಮೇಲೆ ನಮ್ಮ ಸ್ಕೂಲಿಗೆ ಬರೋವಾಗ ಸಾಕ್ಸ್ ಹಾಕ್ಕೊಂಡು ಬರಬೇಡಿ. ಹಾಕ್ಕೊಳ್ಳೋದೇ ಆದರೆ ಶೂ ಹಾಕ್ಕೊಳ್ಳಿ." ತಾತ ನಕ್ಕು ಸುಮ್ಮನಾಗುತ್ತಾರೆ.

ಇಂಥ ದೃಶ್ಯ ಒಂದಲ್ಲ ಒಂದು ರೂಪದಲ್ಲಿ ಅನೇಕ ಮನೆಗಳಲ್ಲಿ ಕಾಣಸಿಗುತ್ತದೆ. ಸ್ಯಾಂಡಲ್ ಜೊತೆ ಕಾಲುಚೀಲ ತೊಡಬಹುದೇ, ಬಾರದೇ? ನೋಡಲು ಇದು ಅತಿ ಸಣ್ಣ ಪ್ರಶ್ನೆ. ಆದರೆ ಪಾಶ್ಚಾತ್ಯ ದೇಶಗಳಲ್ಲಿ ಫ್ಯಾಷನ್ ಬರಹಗಾರರು ವರ್ಷಗಟ್ಟಲೆ ಇದರ ಮೇಲೆ ವಾದ ಮಾಡಿದ್ದಾರೆ. ಪುರಾತತ್ವಜ್ಞರು, ರಸಾಯನ ವಿಜ್ಞಾನಿಗಳು, ವೈದ್ಯರು ಎಲ್ಲರಿಗೂ ಈ ಬಗ್ಗೆ ಹೇಳಲು ಏನಾದರೊಂದು ಇದೆ!

ಎರಡು ಪಕ್ಷಗಳ ವಾದ

ವಿರೋಧಿಗಳ ವಾದ ಸರಳ. ಸ್ಯಾಂಡಲ್ ಇರುವುದೇ ಕಾಲಿಗೆ ಗಾಳಿಯಾಡಲಿ ಎಂದು. ಅದರೊಳಗೆ ಕಾಲುಚೀಲ ತೊಡುವುದೆಂದರೆ ಕಿಟಕಿ ತೆರೆದಿಟ್ಟು ಪರದೆ ಎಳೆದಂತೆ. ಜೊತೆಗೆ ಬೀದಿಯ ದೂಳು, ಕೆಸರು ನೇರವಾಗಿ ಚೀಲಕ್ಕೆ ಮೆತ್ತಿಕೊಳ್ಳುತ್ತದೆ. ನುಣುಪಾದ ಅಟ್ಟೆಯ ಮೇಲೆ ಕಾಲು ಜಾರುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ನೋಡಲು ಚೆನ್ನಾಗಿರುವುದಿಲ್ಲ.

ಪರವಾದಿಗಳದೂ ಅಷ್ಟೇ ಸರಳ. ಚಳಿ ತಡೆಯುತ್ತದೆ, ಬಾರು ಉಜ್ಜಿ ಗುಳ್ಳೆ ಏಳುವುದಿಲ್ಲ, ಬಿಸಿಲಿಗೆ ಕಾಲಿನ ಮೇಲೆ ಪಟ್ಟೆ ಪಟ್ಟೆಯಾಗಿ ಕಪ್ಪಾಗುವುದಿಲ್ಲ. ಕಾಲು ನಮ್ಮದು, ಅದರ ಸುಖವೂ ನಮ್ಮದು, ನೋಡುವವರಿಗೇನು ಕಷ್ಟ?

"ಊಟ ತನ್ನಿಚ್ಛೆ, ನೋಟ ಪರರಿಚ್ಛೆ" ಎಂಬ ಗಾದೆಯೇ ಈ ಜಗಳದ ಮೂಲ. ಹೊಟ್ಟೆಗೆ ಏನು ಹೋಗುತ್ತದೆಂದು ಯಾರೂ ಕೇಳುವುದಿಲ್ಲ, ಕಾಲಲ್ಲಿ ಏನಿದೆಯೆಂದು ಎಲ್ಲರೂ ನೋಡುತ್ತಾರೆ. ಹಾಗಾದರೆ ಈ ಪದ್ಧತಿ ಎಷ್ಟು ಹಳೆಯದು?

ಈಜಿಪ್ಟಿನ ಕೆಂಪು ಕಾಲುಚೀಲ

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಕೆಂಪು ಉಣ್ಣೆಯ ಒಂದು ಜೊತೆ ಕಾಲುಚೀಲವಿದೆ. ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಪ್ರಾಚೀನ ಪಟ್ಟಣದ ಸ್ಮಶಾನ ಭೂಮಿಯನ್ನು ಅಗೆಯುವಾಗ ಸಿಕ್ಕಿದ್ದು. ಕಾಲ ಕ್ರಿ.ಶ. 250ರಿಂದ 420ರ ನಡುವೆ, ಎಂದರೆ ಕನಿಷ್ಠ 1600 ವರ್ಷ ಹಳೆಯದು. ಇಂದಿನ ಹೆಣಿಗೆ ಕಲೆ ಆಗಿನ್ನೂ ಬಳಕೆಗೆ ಬಂದಿರಲಿಲ್ಲ. ಒಂದೇ ಸೂಜಿಯಿಂದ ದಾರವನ್ನು ಕುಣಿಕೆ ಕುಣಿಕೆಯಾಗಿ ಪೋಣಿಸಿ ಇದನ್ನು ಮಾಡಿದ್ದಾರೆ.

ಇದರ ಆಕಾರ ವಿಚಿತ್ರ. ಮುಂಭಾಗ ಎರಡಾಗಿ ಸೀಳಿಕೊಂಡಿದೆ; ಹೆಬ್ಬೆರಳಿಗೆ ಒಂದು ಮನೆ, ಉಳಿದ ನಾಲ್ಕು ಬೆರಳಿಗೆ ಇನ್ನೊಂದು ಮನೆ. ಏಕೆ? ಹೆಬ್ಬೆರಳಿನ ಪಕ್ಕ ಬಾರು ಹಾಯುವ ಚಪ್ಪಲಿಯನ್ನು ಇದರ ಮೇಲೆ ತೊಡಬೇಕಲ್ಲ! ಈ ಕಾಲುಚೀಲ ಹುಟ್ಟಿದ್ದೇ ಚಪ್ಪಲಿಗಾಗಿ.

ಬ್ರಿಟಿಷ್ ಮ್ಯೂಸಿಯಂನಲ್ಲಿ ಇದೇ ಬಗೆಯ ಇನ್ನೊಂದು ಕಾಲುಚೀಲವಿದೆ. ಸುಮಾರು ಕ್ರಿ.ಶ. 300ರದು. ಒಂದು ಮಗುವಿನ ಎಡಗಾಲಿನದು, ಬಣ್ಣ ಬಣ್ಣದ ಪಟ್ಟೆಗಳುಳ್ಳದ್ದು. 1913-14ರಲ್ಲಿ ಈಜಿಪ್ಟಿನ ಆಂಟಿನೂಪೊಲಿಸ್ ಪಟ್ಟಣದ ಕಸದ ಗುಡ್ಡೆಯಲ್ಲಿ ಸಿಕ್ಕಿತು. 2018ರಲ್ಲಿ ವಿಜ್ಞಾನಿಗಳು ಬೇರೆ ಬೇರೆ ತರಂಗಾಂತರದ ಬೆಳಕಿನಲ್ಲಿ ಅದರ ಚಿತ್ರ ತೆಗೆದು, ಅಷ್ಟೂ ಬಣ್ಣಗಳು ಕೇವಲ ಮೂರು ಗಿಡಗಳ ಬಣ್ಣದಿಂದ ಬಂದವೆಂದು ಕಂಡುಕೊಂಡರು. ಕೆಂಪಿಗೆ ಮ್ಯಾಡರ್, ನೀಲಿಗೆ ವೋಡ್, ಹಳದಿಗೆ ವೆಲ್ಡ್ ಗಿಡ. ಉಳಿದವು ಈ ಮೂರರ ಮಿಶ್ರಣ. ಚಿತ್ರಕಲೆಯ ತರಗತಿಯಲ್ಲಿ ಮಕ್ಕಳು ಕಲಿಯುವ ಬಣ್ಣದ ಪಾಠವನ್ನು ಆ ಮಗುವಿನ ಮನೆಯವರೋ ನೆರೆಯವರೋ 1700 ವರ್ಷದ ಹಿಂದೆಯೇ ಅರಿತಿದ್ದರು!

ರೋಮನ್ ಸೈನಿಕನಿಗೆ ಬಂದ ಪೊಟ್ಟಣ

ಈಗ ಈಜಿಪ್ಟಿನ ಬಿಸಿಲಿನಿಂದ ಇಂಗ್ಲೆಂಡಿನ ಚಳಿಗೆ ಬರೋಣ. ಉತ್ತರ ಇಂಗ್ಲೆಂಡಿನ ವಿಂಡೊಲಾಂಡ ಎಂಬಲ್ಲಿ ರೋಮನ್ನರ ಕೋಟೆಯಿತ್ತು. 1973ರಲ್ಲಿ ಅಲ್ಲಿನ ಒದ್ದೆ ಮಣ್ಣಿನಿಂದ ತೆಳುವಾದ ಮರದ ಹಲಗೆಗಳು ಹೊರಬಂದವು. ಅಂಚೆ ಕಾರ್ಡಿನಷ್ಟೇ ಗಾತ್ರದ ಆ ಹಲಗೆಗಳ ಮೇಲೆ ಶಾಯಿಯಲ್ಲಿ ಬರೆದ ಪತ್ರಗಳಿದ್ದವು. ಸುಮಾರು ಕ್ರಿ.ಶ. 100ರ ಕಾಲದವು. ಮರ ಕೊಳೆಯದೆ ಉಳಿದದ್ದು ಹೇಗೆ? ನೀರು ತುಂಬಿದ ಜೇಡಿ ಮಣ್ಣಿನಲ್ಲಿ ಆಮ್ಲಜನಕ ಇರಲಿಲ್ಲ. ಮರವನ್ನು ತಿಂದು ಹಾಕುವ ಸೂಕ್ಷ್ಮಜೀವಿಗಳು ಅಲ್ಲಿ ಬದುಕಲಾರದೆ ಹೋದವು.

ಆ ಪತ್ರಗಳಲ್ಲೊಂದು ಕೋಟೆಯಲ್ಲಿದ್ದ ಯಾರಿಗೋ ಬಂದ ಪೊಟ್ಟಣದ ವಿವರ. ಕಳಿಸಿದ ಸಾಮಾನು: ಕಾಲುಚೀಲ, ಎರಡು ಜೊತೆ ಸ್ಯಾಂಡಲ್, ಎರಡು ಒಳಚಡ್ಡಿ. ಹಾಸ್ಟೆಲಿನಲ್ಲಿರುವ ಮಗನಿಗೆ ತಾಯಿ ಕಟ್ಟಿಕೊಡುವ ಗಂಟಿಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ!

ಸ್ಯಾಂಡಲ್, ಕಾಲುಚೀಲ ಎರಡನ್ನೂ ಒಟ್ಟಿಗೆ ತೊಡುತ್ತಿದ್ದರೇ? ಅದಕ್ಕೂ ಒಂದು ಸುಳಿವಿದೆ. 2010ರಲ್ಲಿ ಉತ್ತರ ಯಾರ್ಕ್‌ಷೈರಿನಲ್ಲಿ ಹೆದ್ದಾರಿ ಅಗಲ ಮಾಡಲು ಮಣ್ಣು ತೆಗೆಯುವಾಗ ರೋಮನ್ ಸ್ಯಾಂಡಲಿನ ತುಕ್ಕು ಹಿಡಿದ ಮೊಳೆ ಸಿಕ್ಕಿತು. ಆ ತುಕ್ಕಿನಲ್ಲಿ ಬಟ್ಟೆಯ ಎಳೆಗಳ ಅಚ್ಚು ಮೂಡಿತ್ತು. ಬಟ್ಟೆ ಎಂದೋ ಕರಗಿ ಹೋಗಿದ್ದರೂ ಕಬ್ಬಿಣದ ತುಕ್ಕು ಅದರ ಗುರುತನ್ನು ಹಿಡಿದಿಟ್ಟುಕೊಂಡಿತ್ತು. ಆ ಸ್ಯಾಂಡಲ್ ತೊಟ್ಟವನು ಒಳಗೆ ಕಾಲುಚೀಲ ಹಾಕಿದ್ದಿರಬೇಕೆಂದು ಪುರಾತತ್ವಜ್ಞರು ಊಹಿಸಿದರು. ರೋಮ್ ಸಾಮ್ರಾಜ್ಯದ ಸೈನಿಕರಿಗೆ ಚಳಿಯ ಮುಂದೆ ಫ್ಯಾಷನ್ ದೊಡ್ಡದೆನಿಸಲಿಲ್ಲ!

ಅಂದಹಾಗೆ, 'ಸಾಕ್ಸ್' ಎಂಬ ಪದದ ಮೂಲ ಲ್ಯಾಟಿನ್ನಿನ 'ಸೊಕ್ಕುಸ್'. ಅದು ರೋಮಿನ ಹಾಸ್ಯ ನಾಟಕಗಳ ನಟರು ತೊಡುತ್ತಿದ್ದ ಮೆತ್ತನೆಯ ಪಾದರಕ್ಷೆ. ನಗುವಿಗೂ ಕಾಲುಚೀಲಕ್ಕೂ ಹಳೆಯ ನಂಟಿದೆ ಎಂದಾಯಿತು.

ಜಪಾನಿನಲ್ಲಿ ಮರ್ಯಾದೆ, ಬ್ರಿಟನ್ನಿನಲ್ಲಿ ಗೇಲಿ

ಜಪಾನಿಗೆ ಹೋದರೆ ಈ ಚರ್ಚೆಯೇ ತಲೆಕೆಳಗು. ಅಲ್ಲಿ ಕಿಮೋನೊ ಉಟ್ಟು ಜೋರಿ ಎಂಬ ಚಪ್ಪಲಿ ಮೆಟ್ಟುವಾಗ ಒಳಗೆ 'ತಾಬಿ' ಎಂಬ ಕಾಲುಚೀಲ ತೊಡುವುದೇ ಶಿಷ್ಟಾಚಾರ. ಶುಭಕಾರ್ಯಗಳಿಗೆ ಬಿಳಿಯ ತಾಬಿ. ಅದರಲ್ಲೂ ಹೆಬ್ಬೆರಳು ಬೇರೆ! ಇದೇ ವಿನ್ಯಾಸದ ಅಟ್ಟೆಯಿರುವ ಬೂಟು ತೊಟ್ಟು ಓಡಿದ ಶಿಗೆಕಿ ತನಾಕ 1951ರ ಬಾಸ್ಟನ್ ಮ್ಯಾರಥಾನ್ ಗೆದ್ದರು.

ಬ್ರಿಟನ್ನಿನ ಕಥೆ ಬೇರೆ. ಅಲ್ಲಿ ಬೂಟಿನ ಕಾಲವಿದ್ದಾಗ ಎಡ್ವರ್ಡ್ ಕಾರ್ಪೆಂಟರ್ ಎಂಬ ಲೇಖಕ ಸರಳ ಬದುಕಿನ ಪ್ರಯೋಗಕ್ಕೆ ತೊಡಗಿದ್ದರು. 1880ರ ದಶಕದಲ್ಲಿ ಆಲಿಘರ್‌ನಲ್ಲಿ ಪಾಠ ಹೇಳುತ್ತಿದ್ದ ಅವರ ಗೆಳೆಯ ಹೆರಾಲ್ಡ್ ಕಾಕ್ಸ್ ಕಾಶ್ಮೀರದಿಂದ ಚಪ್ಪಲಿ ಕಳಿಸಿಕೊಟ್ಟರು. ಕಾರ್ಪೆಂಟರ್ ಅದನ್ನು ನೋಡಿ ತಾವೇ ಚಪ್ಪಲಿ ಹೊಲಿಯಲು ಕಲಿತು, ಮಾಡಿ ಮಾರಿದರು. ಹೀಗೆ ಇಂಗ್ಲೆಂಡಿನ ಆಧುನಿಕ ಸ್ಯಾಂಡಲ್ ಪ್ರಿಯರಿಗೆ ದಾರಿ ತೋರಿದ್ದರಲ್ಲಿ ಭಾರತದ ಚಪ್ಪಲಿಯ ಪಾಲೂ ಇದೆ. ಆದರೆ ಅಲ್ಲಿನ ಜನರಿಗೆ ಸ್ಯಾಂಡಲ್ ಎಂದರೆ ಸೊಪ್ಪು ಸದೆ ತಿನ್ನುವ, ಹೊಸ ಹೊಸ ಸಿದ್ಧಾಂತ ಹೇಳುವ ವಿಚಿತ್ರ ಮಂದಿಯ ಗುರುತಾಯಿತು. 1937ರಲ್ಲಿ ಜಾರ್ಜ್ ಆರ್ವೆಲ್ ಕೂಡ ತಮ್ಮ ಪುಸ್ತಕವೊಂದರಲ್ಲಿ ಸ್ಯಾಂಡಲ್ ತೊಡುವವರನ್ನು ಗೇಲಿ ಮಾಡಿದ್ದಾರೆ.

ಅರ್ಧ ಚಡ್ಡಿ, ಬಿಳಿ ಕಾಲುಚೀಲ, ಸ್ಯಾಂಡಲ್ ತೊಟ್ಟ ಜರ್ಮನ್ ಪ್ರವಾಸಿಯ ಚಿತ್ರ ಯುರೋಪಿನ ವ್ಯಂಗ್ಯಚಿತ್ರಕಾರರಿಗೆ ಹಬ್ಬದೂಟ. ಜರ್ಮನಿಯ ಬಿರ್ಕೆನ್‌ಸ್ಟಾಕ್ ಸ್ಯಾಂಡಲನ್ನು ಮಾರ್ಗೊ ಫ್ರೇಸರ್ ಎಂಬ ಮಹಿಳೆ 1966ರಲ್ಲಿ ಅಮೆರಿಕಕ್ಕೆ ತಂದಾಗ ಚಪ್ಪಲಿ ಅಂಗಡಿಯವರು "ಇಂಥ ಕುರೂಪಿ ಚಪ್ಪಲಿ ಯಾರು ಕೊಳ್ಳುತ್ತಾರೆ" ಎಂದು ಮುಖ ತಿರುಗಿಸಿದರು. ಆಕೆ ಆರೋಗ್ಯ ಆಹಾರದ ಅಂಗಡಿಗಳಲ್ಲಿ ಇಟ್ಟು ಮಾರಿದರು. ಕಾಲ ತಿರುಗಿತು. ಅದೇ ಕಂಪನಿ 2023ರ ಅಕ್ಟೋಬರಿನಲ್ಲಿ ನ್ಯೂಯಾರ್ಕ್ ಷೇರುಪೇಟೆ ಪ್ರವೇಶಿಸಿತು. ರೂಪದರ್ಶಿಯರೂ ಸ್ಯಾಂಡಲ್ ಜೊತೆ ಕಾಲುಚೀಲ ತೊಟ್ಟು ವೇದಿಕೆಯ ಮೇಲೆ ನಡೆದರು. ನಿನ್ನೆ ನಗೆಪಾಟಲಾದದ್ದು ಇಂದು ಫ್ಯಾಷನ್. ಇಂದಿನ ಫ್ಯಾಷನ್ ನಾಳೆ ಏನಾಗುವುದೋ! ಕೇವಲ 'ಬೇರೆಯವರು ಏನೆಂದುಕೊಳ್ಳುತ್ತಾರೆ' ಎಂಬ ಅಳತೆಗೋಲು ಹಿಡಿದವರು ಹತ್ತು ವರ್ಷಕ್ಕೊಮ್ಮೆ ಕಪಾಟು ಬದಲಾಯಿಸಬೇಕಾದೀತು.

ಕರ್ನಾಟಕದಲ್ಲೂ ಇದು ಹೊಸತೇನಲ್ಲ. ಹೆಬ್ಬೆರಳು ಬೇರೆಯಾದ ಕಾಲುಚೀಲ ಪೇಟೆಯಲ್ಲಿ ಸಿಗುತ್ತದೆ. ಚಳಿಗಾಲದ ಬೆಳಗಿನಲ್ಲಿ ವಾಕಿಂಗ್ ಹೊರಡುವ ಗೃಹಿಣಿಯರು, ಬಿಸಿಲಿನಲ್ಲಿ ಸ್ಕೂಟರ್ ಓಡಿಸುವ ಕಾಲೇಜು ಹುಡುಗಿಯರು ಅದನ್ನು ತೊಟ್ಟು ಚಪ್ಪಲಿ ಮೆಟ್ಟುತ್ತಾರೆ. ಆಕ್ಸಿರಿಂಕಸ್‌ನ ಕೆಂಪು ಕಾಲುಚೀಲವನ್ನು ಅದರ ಪಕ್ಕದಲ್ಲಿಟ್ಟರೆ ಅಕ್ಕತಂಗಿಯರಂತೆ ಕಂಡೀತು! ಶ್ರವಣಬೆಳಗೊಳದಲ್ಲಿ ಚಪ್ಪಲಿಯಿಲ್ಲದೆ ವಿಂಧ್ಯಗಿರಿ ಏರಬೇಕು. ಬಿಸಿಲಿಗೆ ಕಾದ ಬಂಡೆಯ ಮೇಲೆ ಬರಿಯ ಕಾಲುಚೀಲ ತೊಟ್ಟು ಹತ್ತುವ ಯಾತ್ರಿಕರನ್ನು ಕಂಡು ಯಾರೂ ನಗುವುದಿಲ್ಲ.

ವಾಸನೆಯ ರಸಾಯನಶಾಸ್ತ್ರ

ವಿಜ್ಞಾನ ಯಾರ ಪಕ್ಷ? ಮೊದಲು ಬೆವರಿನ ವಿಷಯ ನೋಡೋಣ. ಅಂಗೈ, ಅಂಗಾಲುಗಳಲ್ಲಿ ಬೆವರು ಗ್ರಂಥಿಗಳು ಬಹಳ ದಟ್ಟವಾಗಿವೆ. ಅಚ್ಚರಿಯೆಂದರೆ ಅಂಗಾಲಿನ ಬೆವರಿಗೆ ಹೇಳಿಕೊಳ್ಳುವಂಥ ವಾಸನೆಯೇ ಇಲ್ಲ. ಚರ್ಮದ ಮೇಲೆ ವಾಸಿಸುವ ಬ್ಯಾಕ್ಟೀರಿಯಗಳು ಬೆವರಿನಲ್ಲಿರುವ ಲ್ಯೂಸಿನ್ ಎಂಬ ಅಮೈನೊ ಆಮ್ಲವನ್ನು ಒಡೆದು ಐಸೊವೆಲರಿಕ್ ಆಮ್ಲವನ್ನು ಉಂಟುಮಾಡುತ್ತವೆ. ಶೂ ಬಿಚ್ಚಿದ ಕೂಡಲೇ ಮೂಗು ಮುಚ್ಚಿಕೊಳ್ಳುವಂತೆ ಮಾಡುವುದು ಮುಖ್ಯವಾಗಿ ಇದೇ. ಬ್ಯಾಕ್ಟೀರಿಯಗಳು ಬೆಳೆಯಲು ಬೇಕಾದದ್ದು ತೇವ, ಬಿಸುಪು. ಮುಚ್ಚಿದ ಶೂ ಒಳಗೆ ಎರಡೂ ಧಾರಾಳ.

ಇಲ್ಲಿ ಸ್ಯಾಂಡಲ್ ಪಕ್ಷಕ್ಕೆ ಒಂದು ಅಂಕ. ಸ್ಯಾಂಡಲಿನಲ್ಲಿ ಕಾಲುಚೀಲದ ಬಹುಭಾಗ ಗಾಳಿಗೆ ತೆರೆದಿರುತ್ತದೆ. ಚೀಲ ಬೆವರನ್ನು ಹೀರಿಕೊಂಡು ಹೊರಕ್ಕೆ ಸಾಗಿಸುತ್ತದೆ, ಗಾಳಿ ಅದನ್ನು ಆರಿಸುತ್ತದೆ. ಶೂ ಒಳಗೆ ಆ ಆವಿಗೆ ಹೊರಹೋಗಲು ದಾರಿ ಕಡಿಮೆ. ಕಾಲ್ಬೆರಳ ಸಂದಿಯಲ್ಲಿ ತುರಿಕೆ ತರುವ ಶಿಲೀಂಧ್ರವೂ ಇಂಥ ತೇವದಲ್ಲೇ ಹುಲುಸಾಗಿ ಬೆಳೆಯುತ್ತದೆ.

ಆದರೆ ಕಾಲುಚೀಲ ಯಾವುದರದು ಎಂಬುದೂ ಮುಖ್ಯ. 100 ಗ್ರಾಂ ಒಣ ಉಣ್ಣೆ ಸಾಮಾನ್ಯ ಹವೆಯಲ್ಲಿ ಸುಮಾರು 16 ಗ್ರಾಂ ತೇವವನ್ನು ಗಾಳಿಯಿಂದ ಹೀರಿ ತನ್ನೊಳಗೆ ಇಟ್ಟುಕೊಳ್ಳುತ್ತದೆ. ಹತ್ತಿ ಸುಮಾರು 8 ಗ್ರಾಂ, ನೈಲಾನ್ 4 ಗ್ರಾಂ, ಪಾಲಿಯೆಸ್ಟರ್ ಅರ್ಧ ಗ್ರಾಂ ಕೂಡ ಇಲ್ಲ. ಹತ್ತಿ ಮೃದು, ಅಗ್ಗ. ಆದರೆ ಪೂರ್ತಿ ನೆನೆದರೆ ಆರಲು ಹೊತ್ತು ಹಿಡಿಯುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಸ್ಯಾಂಡಲ್ ಜೊತೆ ಹತ್ತಿಯ ಚೀಲ ತೊಟ್ಟು ನೀರಿನಲ್ಲಿ ಓಡಾಡುವುದು ಜಾಣತನವಲ್ಲ. ಇದು ವಿರೋಧ ಪಕ್ಷಕ್ಕೆ ಸಲ್ಲುವ ಅಂಕ.

ಕರ್ನಾಟಕದ ಸರ್ಕಾರಿ ಶಾಲೆಯ ಮಕ್ಕಳಿಗಾಗಿ ರೂಪಿಸಿದ ಯೋಜನೆಯಲ್ಲಿ ಒಂದು ಜೊತೆ ಶೂಗೆ ಎರಡು ಜೊತೆ ಕಾಲುಚೀಲ ಎಂದು ಲೆಕ್ಕ ಹಾಕಿದ್ದಾರೆ. ಒಂದು ಒಗೆದು ಒಣಗುವಾಗ ಇನ್ನೊಂದು ಕಾಲಿಗೆ. ಎರಡನೆಯ ಜೊತೆ ಪೆಟ್ಟಿಗೆಯಲ್ಲೇ ಉಳಿದು, ಒಂದನ್ನೇ ವಾರವೆಲ್ಲ ತೊಟ್ಟರೆ ತಪ್ಪು ಶೂನದಲ್ಲ!

ಸೊಳ್ಳೆಗೂ ಗೊತ್ತು ಕಾಲಿನ ವಾಸನೆ

ನೆದರ್‌ಲೆಂಡ್ಸಿನ ವಿಜ್ಞಾನಿ ಬಾರ್ಟ್ ನೋಲ್ಸ್ ಒಂದು ವಿಷಯ ಗಮನಿಸಿದರು. ಆಫ್ರಿಕದಲ್ಲಿ ಮಲೇರಿಯ ಹರಡುವ ಒಂದು ಜಾತಿಯ ಅನಾಫಿಲಿಸ್ ಸೊಳ್ಳೆ ಹೆಚ್ಚಾಗಿ ಪಾದ, ಹರಡುಗಳ ಬಳಿಯೇ ಕಚ್ಚುತ್ತದೆ. ಕಾಲಿನ ವಾಸನೆಯನ್ನೇ ಹೋಲುವ ಲಿಂಬರ್ಗರ್ ಎಂಬ ಗಿಣ್ಣನ್ನು ಇಟ್ಟು ನೋಡಿದರೆ, ಸೊಳ್ಳೆಗಳು ಅದಕ್ಕೂ ಮುತ್ತಿದವು! ಆ ಗಿಣ್ಣನ್ನು ಮಾಗಿಸುವ ಬ್ಯಾಕ್ಟೀರಿಯಗಳೂ ಕಾಲ್ಬೆರಳ ಸಂದಿಯ ಬ್ಯಾಕ್ಟೀರಿಯಗಳೂ ಹತ್ತಿರದ ಬಂಧುಗಳು. 1996ರಲ್ಲಿ ಪ್ರಕಟವಾದ ಈ ಕೆಲಸಕ್ಕೆ 2006ರಲ್ಲಿ ಇಗ್ ನೊಬೆಲ್ ಬಹುಮಾನ ಬಂತು. ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗಳಿಗೆ ಕೊಡುವ ಬಹುಮಾನ ಅದು. ನಗು ಅಲ್ಲಿಗೇ ನಿಲ್ಲಲಿಲ್ಲ. ಕಾಲಿನ ವಾಸನೆಯನ್ನೇ ಆಮಿಷವಾಗಿ ಇಟ್ಟು ಸೊಳ್ಳೆ ಹಿಡಿಯುವ ಬೋನುಗಳ ಕೆಲಸ ತಾಂಜಾನಿಯಾದಲ್ಲಿ ನಡೆಯಿತು. ಗ್ಯಾಂಬಿಯಾದ ಮಕ್ಕಳು ತೊಟ್ಟ ಕಾಲುಚೀಲಗಳನ್ನು ಮೂಸಿ ಮಲೇರಿಯ ಸೋಂಕನ್ನು ಪತ್ತೆಹಚ್ಚಲು ನಾಯಿಗಳನ್ನು ತರಬೇತುಗೊಳಿಸಲಾಯಿತು. 2018ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಸೋಂಕಿದ್ದ ಮಕ್ಕಳ ಚೀಲಗಳಲ್ಲಿ ಶೇ. 70ರಷ್ಟನ್ನು ಅವು ಸರಿಯಾಗಿ ಗುರುತಿಸಿದವು.

ಡೆಂಗೆ ಹರಡುವ ಈಡಿಸ್ ಸೊಳ್ಳೆ ಹಗಲಿನಲ್ಲಿ ಕಚ್ಚುವಂಥದು. ಅದೂ ಹರಡಿನ ಸುತ್ತ ಸುಳಿಯುವುದು ಹೆಚ್ಚು. ಅದಕ್ಕಾಗಿಯೇ ಮಕ್ಕಳಿಗೆ ಕಾಲು ಮುಚ್ಚುವ ಉಡುಪು ಹಾಕಿ ಎಂದು ವೈದ್ಯರು ಹೇಳುವುದು. ಕಾಲುಚೀಲ ತೀರಾ ತೆಳುವಾಗಿದ್ದರೆ ಸೊಳ್ಳೆಯ ಸೊಂಡಿಲು ಅದರ ಮೂಲಕವೂ ಇಳಿಯಬಲ್ಲದು ಎಂಬುದನ್ನು ಮರೆಯಬಾರದು.

ತಾತ ಹೇಳದೆ ಉಳಿದ ಮಾತು

ಈಗ ಮತ್ತೆ ವಾರ್ಷಿಕೋತ್ಸವದ ತಾತನ ಬಳಿಗೆ ಬರೋಣ. ಅವರು ಕಾಲುಚೀಲ ತೊಟ್ಟದ್ದು ಚಳಿಗಲ್ಲ, ಫ್ಯಾಷನ್ನಿಗಂತೂ ಅಲ್ಲ. ಅವರಿಗೆ ಸಕ್ಕರೆ ಕಾಯಿಲೆ.

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆ. ಬಹಳ ವರ್ಷ ರಕ್ತದಲ್ಲಿ ಸಕ್ಕರೆ ಹೆಚ್ಚಾಗಿದ್ದರೆ ನರಗಳು ಸೊರಗುತ್ತವೆ, ಪಾದದ ಸ್ಪರ್ಶಜ್ಞಾನ ಕುಗ್ಗುತ್ತದೆ. ಮುಳ್ಳು ಚುಚ್ಚಿದರೂ, ಬಾರು ಉಜ್ಜಿ ಚರ್ಮ ಕಿತ್ತರೂ ನೋವೇ ಆಗುವುದಿಲ್ಲ. ನೋವಿಲ್ಲದ ಗಾಯವನ್ನು ಯಾರು ಗಮನಿಸುತ್ತಾರೆ? ಅದು ಕೀವಾಗಿ, ಒಳಕ್ಕೆ ಇಳಿದು, ಕೆಲವೊಮ್ಮೆ ಬೆರಳನ್ನೋ ಪಾದವನ್ನೋ ಕತ್ತರಿಸಬೇಕಾದ ಸ್ಥಿತಿ ಬರುತ್ತದೆ.

ನೋವು ಎಂಬುದು ಶತ್ರುವಲ್ಲ, ಕಾವಲುಗಾರ ಎಂಬುದನ್ನು ಜಗತ್ತಿಗೆ ತೋರಿಸಿದವರಲ್ಲಿ ಡಾ. ಪಾಲ್ ಬ್ರಾಂಡ್ ಪ್ರಮುಖರು. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಅವರು ಕುಷ್ಠ ರೋಗಿಗಳ ಕಾಲಿನ ಹುಣ್ಣುಗಳನ್ನು ಅಭ್ಯಾಸ ಮಾಡಿದರು. ಮಾಂಸ ತಾನಾಗಿ ಕೊಳೆಯುವುದಿಲ್ಲ, ನೋವು ತಿಳಿಯದ ಕಾಲಿಗೆ ಮತ್ತೆ ಮತ್ತೆ ಪೆಟ್ಟು ಬೀಳುವುದರಿಂದ ಹುಣ್ಣಾಗುತ್ತದೆ ಎಂದು ಕಂಡುಕೊಂಡರು. ಸರಿಯಾದ ಪಾದರಕ್ಷೆಯೇ ಅರ್ಧ ಔಷಧ ಎಂಬ ತಿಳಿವಳಿಕೆ ಬೆಳೆದದ್ದು ಹೀಗೆ. ಇಂಥ ಕಾಲುಗಳಿಗೆ ಮೈಕ್ರೋಸೆಲ್ಯುಲರ್ ರಬ್ಬರಿನ ಮೆತ್ತನೆಯ ಹಾಸಿರುವ ಸ್ಯಾಂಡಲನ್ನು ವೈದ್ಯರು ಸೂಚಿಸುತ್ತಾರೆ. ಬಿಗಿಯಾದ ಶೂಗಿಂತ ಅದು ವಾಸಿ. ಬಾರು ಉಜ್ಜುವುದನ್ನು, ದೂಳು ತಾಗುವುದನ್ನು ಕಾಲುಚೀಲ ಕಡಿಮೆ ಮಾಡುತ್ತದೆ.

ಬಿಳಿಯ ಬಣ್ಣವೇ ಏಕೆ? ಎಲ್ಲಾದರೂ ಗಾಯವಾಗಿ ರಕ್ತವೋ ಕೀವೋ ಒಸರಿದರೆ ಬಿಳಿಯ ಬಟ್ಟೆಯ ಮೇಲೆ ಕಲೆ ಕಾಣುತ್ತದೆ. ಕಾಲು ಹೇಳಲಾಗದ್ದನ್ನು ಕಾಲುಚೀಲ ಹೇಳುತ್ತದೆ! ಎರಡನೆಯ ಸಾಲಿನ ಹುಡುಗರು ನಕ್ಕದ್ದು ಆ ಬಿಳಿಯ ಬಣ್ಣಕ್ಕೇ.

ಇಂಥ ಹಿರಿಯರಿರುವ ಮನೆಯಲ್ಲಿ ಮಕ್ಕಳು ಮಾಡಬಹುದಾದ ಕೆಲಸವೊಂದಿದೆ. ರಾತ್ರಿ ಮಲಗುವ ಮುನ್ನ ಅಂಗಾಲನ್ನೂ ಬೆರಳ ಸಂದಿಗಳನ್ನೂ ಪರೀಕ್ಷಿಸಬೇಕೆಂದು ವೈದ್ಯರು ಹೇಳುತ್ತಾರೆ. ಮೊಣಕಾಲು ಮಡಚಲಾಗದ, ಕಣ್ಣು ಮಂಜಾದ ತಾತ ಅಜ್ಜಿಯರಿಗೆ ಅದು ಕಷ್ಟ. ಎಳೆಯ ಕಣ್ಣುಗಳಿಗೆ ಎರಡು ನಿಮಿಷದ ಕೆಲಸ. ಕೆಂಪಾಗಿದೆಯೇ, ಗುಳ್ಳೆ ಎದ್ದಿದೆಯೇ, ಒಡಕು ಬಿಟ್ಟಿದೆಯೇ ಎಂದು ನೋಡಿ ಹೇಳಿದರೆ ಸಾಕು. ಚಪ್ಪಲಿ ಮೆಟ್ಟುವ ಮುನ್ನ ಅದರಲ್ಲಿ ಕಲ್ಲು, ಮೊಳೆ ಇದೆಯೇ ಎಂದು ಕೈಯಾಡಿಸಿ ನೋಡುವುದೂ ಒಳ್ಳೆಯದು. ಕಾಲುಚೀಲದ ಮೇಲ್ತುದಿಯ ಎಲಾಸ್ಟಿಕ್ ಬಿಗಿಯಾಗಿರಬಾರದು, ಒಳಗಿನ ಹೊಲಿಗೆ ಒರಟಾಗಿರಬಾರದು.

ಮನೆಯಲ್ಲೇ ಮಾಡಿ ನೋಡಿ

ವಾದಕ್ಕಿಂತ ಪ್ರಯೋಗ ಮೇಲು. ಒಂದೇ ಬಗೆಯ ಹತ್ತಿಯ ಎರಡು ಕಾಲುಚೀಲ ತೆಗೆದುಕೊಳ್ಳಿ. ಎರಡನ್ನೂ ನೀರಿನಲ್ಲಿ ಅದ್ದಿ, ಹಿಂಡಿ, ತೂಕ ಮಾಡಿ ಬರೆದುಕೊಳ್ಳಿ. ಒಂದನ್ನು ಶೂ ಒಳಗೆ ಹರಡಿಡಿ, ಇನ್ನೊಂದನ್ನು ಸ್ಯಾಂಡಲಿನ ಮೇಲೆ ಇಡಿ. ಎರಡನ್ನೂ ಒಂದೇ ಕೋಣೆಯಲ್ಲಿಟ್ಟು ಗಂಟೆಗೊಮ್ಮೆ ತೂಗಿ. ಸಮಯ ಮತ್ತು ತೂಕದ ನಕ್ಷೆ ಬರೆಯಿರಿ. ಯಾವುದು ಬೇಗ ಒಣಗಿತು? ಮತ್ತೊಂದು ದಿನ ಹತ್ತಿ, ಉಣ್ಣೆ, ನೈಲಾನ್ ಚೀಲಗಳನ್ನು ಒಂದೇ ಬಗೆಯಲ್ಲಿ ಹರಡಿ ಹೋಲಿಸಿ. ಅಡುಗೆಮನೆಯ ತಕ್ಕಡಿ ಬಳಸುವ ಮುನ್ನ ಅಮ್ಮನ ಅಪ್ಪಣೆ ಪಡೆಯಿರಿ!

"ನಗುವವರ ಮುಂದೆ ಎಡವಿ ಬೀಳಬೇಡ" ಎನ್ನುತ್ತಾರೆ ಹಿರಿಯರು. ಆದರೆ ನಗುವವರಿಗೆ ಹೆದರಿ ಕಾಲನ್ನೇ ಗಾಯ ಮಾಡಿಕೊಂಡರೆ ನಷ್ಟ ಯಾರಿಗೆ? ಶಾಲೆಯ ಸಮವಸ್ತ್ರಕ್ಕೆ ಅದರದೇ ನಿಯಮವಿದೆ, ಮದುವೆ ಮನೆಗೆ ಅದರದೇ ಒಪ್ಪವಿದೆ. ಮಿಕ್ಕ ಹೊತ್ತಿನಲ್ಲಿ ಸ್ಯಾಂಡಲ್ ಜೊತೆ ಕಾಲುಚೀಲ ಬೇಕೋ ಬೇಡವೋ ಎಂಬುದನ್ನು ಆಯಾ ಕಾಲೇ ತೀರ್ಮಾನಿಸಲಿ. ಮುಂದಿನ ವಾರ್ಷಿಕೋತ್ಸವಕ್ಕೆ ತಾತ ಅದೇ ಬಿಳಿ ಕಾಲುಚೀಲ ತೊಟ್ಟು ಬಂದಾಗ ಎರಡನೆಯ ಸಾಲಿನಲ್ಲಿ ಯಾರಾದರೂ ಕಿಸಕ್ಕನೆ ನಕ್ಕರೆ, ಮೊಮ್ಮಗ ತಲೆ ತಗ್ಗಿಸಬೇಕಾಗಿಲ್ಲ. ಈಜಿಪ್ಟಿನ ಮಗುವಿನ ಪಟ್ಟೆ ಪಟ್ಟೆ ಕಾಲುಚೀಲದಿಂದ ಶುರುಮಾಡಿ ಹೇಳಲು ಅವನ ಬಳಿ ಒಂದು ಒಳ್ಳೆಯ ಕಥೆಯಿದೆ.